ಲ್ಯಾಬಿನಲ್ಲಿ ಬೆಳೆಸುವ ಚರ್ಮ ಮತ್ತು ಕೂದಲು: ವಿಜಯಪುರದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ತಲೆಯ ಮೇಲೆ ಕೂದಲು ಕಡಿಮೆ. ಈ ಎರಡೂ ಒಬ್ಬನಲ್ಲೇ ಸೇರಿದರೆ ಎಂಥ ಪ್ರಶ್ನೆಗಳು ಬರುತ್ತವೆ ಅಂತ ನೀವೇ ಊಹಿಸಿಕೊಳ್ಳಿ. ಕ್ಲಾಸಿನ ಹುಡುಗರು, ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತವರು, ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಅಣ್ಣ, ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಲ್ಯಾಬಿನಲ್ಲಿ ಚರ್ಮ ಬೆಳೆಸುತ್ತಾರಂತೆ. ನಿಜಾನಾ, ಇಲ್ಲ ವಾಟ್ಸಾಪ್ ಕಥೆನಾ?

ನಿಜ. ಹೊಸ ಸುದ್ದಿಯೂ ಅಲ್ಲ. 1975ರಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಇಬ್ಬರೂ ಮನುಷ್ಯನ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಪೀಳಿಗೆ ಮೇಲೆ ಪೀಳಿಗೆ ಬೆಳೆಸಿ ತೋರಿಸಿದರು. ಅದಕ್ಕೆ ಮೊದಲು ಈ ಕೋಶಗಳನ್ನು ತಟ್ಟೆಗೆ ಹಾಕಿದರೆ ಸ್ವಲ್ಪ ದಿನದಲ್ಲೇ ಸೊರಗಿ ನಿಂತುಬಿಡುತ್ತಿದ್ದವು. ತಮಾಷೆ ಏನೆಂದರೆ ಗ್ರೀನ್ ಚರ್ಮವನ್ನು ಹುಡುಕಿಕೊಂಡು ಹೊರಟವರಲ್ಲ. ಇಲಿಯ ಗಡ್ಡೆಯೊಂದರ ಕೋಶಗಳನ್ನು ಬೆಳೆಸುತ್ತಿದ್ದಾಗ, ತಟ್ಟೆಯಲ್ಲಿ ಚರ್ಮದ ಕೋಶಗಳು ಸೊಂಪಾಗಿ ಎದ್ದದ್ದು ಕಣ್ಣಿಗೆ ಬಿತ್ತು. ಬಿಡಲಿಲ್ಲ, ಅದರ ಬೆನ್ನು ಹತ್ತಿದರು.

ನಾವು ತರುವ ಟಿಶ್ಯೂ ಕಲ್ಚರ್ ಬಾಳೆ ಸಸಿ ಇದ್ದಂಗಾ?

ಇದು ಅಣ್ಣನ ಪ್ರಶ್ನೆ. ಅರ್ಧ ಹೌದು. ಜಿ-9 ಬಾಳೆ ಸಸಿಯನ್ನೂ ಶುಚಿಯಾದ ಬಾಟಲಿಯಲ್ಲಿ, ಪೋಷಕಾಂಶ ಹಾಕಿ, ಒಂದು ಚೂರಿನಿಂದ ನೂರಾರು ಮಾಡುತ್ತಾರೆ. ಬೂಸ್ಟು ಬಿದ್ದರೆ ಅಲ್ಲೂ ಎಲ್ಲ ಹೋಯಿತು, ಇಲ್ಲೂ ಎಲ್ಲ ಹೋಯಿತು.

ವ್ಯತ್ಯಾಸ ಇರುವುದು ಮುಂದೆ. ಗಿಡದ ಚೂರಿಗೆ ಇಡೀ ಗಿಡವಾಗುವ ತಾಕತ್ತಿದೆ. ಬೇರು, ಕಾಂಡ, ಎಲೆ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಚರ್ಮದ ಕೋಶಕ್ಕೆ ಅದು ಬರುವುದಿಲ್ಲ. ಅದು ಚರ್ಮದ ಹಾಳೆ ಆಗಬಲ್ಲದು, ಅಷ್ಟೇ. ಬೆವರು ಗ್ರಂಥಿ, ಕೂದಲು, ನರ, ರಕ್ತನಾಳ ಇವನ್ನೆಲ್ಲ ಜೊತೆಗೆ ತರುವುದಿಲ್ಲ. ಹಾಗಾಗಿ ಬಾಳೆಗಿಂತ ದ್ರಾಕ್ಷಿಯ ಕಸಿ ಸರಿಯಾದ ಹೋಲಿಕೆ. ಡಾಗ್‌ರಿಡ್ಜ್ ಎಂಬ ಬಳ್ಳಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿಯ ಕಡ್ಡಿ ಕಟ್ಟುತ್ತೀರಲ್ಲ, ಆಮೇಲೆ ದಿನಾ ಹೋಗಿ ನೋಡುವುದು ಒಂದನ್ನೇ: ಕಸಿ ಹಿಡೀತೋ ಇಲ್ಲವೋ. ಲ್ಯಾಬಿನ ಚರ್ಮದ ಕಥೆಯೂ ಅದೇ. ಬೆಳೆಸುವುದನ್ನು ಕಲಿತು ಐವತ್ತು ವರ್ಷ ಆಯಿತು. ಹಿಡಿಸುವುದು ಇವತ್ತಿಗೂ ತಲೆನೋವು.

ಸರಿ, ಬೆಳೆಸುವುದು ಹೇಗೆ?

ನಮ್ಮ ಚರ್ಮ ಎರಡು ಅಂತಸ್ತಿನ ಮನೆ. ಮೇಲಿನದು ಕಾಗದದಷ್ಟು ತೆಳು, ಅದರಲ್ಲಿ ರಕ್ತನಾಳ ಇಲ್ಲ. ಕೆಳಗಿನದು ದಪ್ಪ. ಕೊಲಾಜನ್ ಎಂಬ ನಾರು, ರಕ್ತನಾಳ, ನರ, ಕೂದಲ ಬುಡ ಎಲ್ಲ ಇರುವುದು ಅಲ್ಲೇ. ಮೇಲಂತಸ್ತಿನ ತಳದಲ್ಲಿ ಕೆಲವು ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಲೇ ಇರುತ್ತವೆ. ಹೊಸವು ಮೇಲಕ್ಕೆ ಸರಿಯುತ್ತವೆ, ಸಾಯುತ್ತವೆ, ಉದುರುತ್ತವೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಮೇಲ್ಚರ್ಮ ಪೂರ್ತಿ ಹೊಸದಾಗುತ್ತದೆ. ಸ್ನಾನದ ಹೊತ್ತಿಗೆ ನೀವು ಉಜ್ಜಿ ತೆಗೆಯುವುದರಲ್ಲಿ ಹಳೆಯ ನೀವೂ ಇರುತ್ತೀರಿ.

ಆ ತಳದ ಕೋಶಗಳೇ ಬೀಜ. ರೋಗಿಯ ಗಾಯವಿಲ್ಲದ ಜಾಗದಿಂದ ಅಂಚೆಚೀಟಿಯಷ್ಟು ಚರ್ಮ ತೆಗೆಯುತ್ತಾರೆ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಕೋಶಗಳನ್ನು ಬಿಡಿಬಿಡಿ ಮಾಡುತ್ತಾರೆ. ತಟ್ಟೆಯಲ್ಲಿ ಮೊದಲೇ ಇಲಿಯ ಕೋಶಗಳ ಒಂದು ಹಾಸು ಹಾಸಿರುತ್ತಾರೆ. ಅವಕ್ಕೆ ವಿಕಿರಣ ಕೊಟ್ಟು, ಬದುಕಿರಬೇಕು ಆದರೆ ಬೆಳೆಯಬಾರದು, ಹಾಗೆ ಮಾಡಿರುತ್ತಾರೆ. ಅವು ದಾದಿಯರಿದ್ದ ಹಾಗೆ, ಪೋಷಣೆಗೆ ಮಾತ್ರ. ಗ್ರೀನ್ ಕಂಡುಕೊಂಡ ಗುಟ್ಟು ಇದೇ. ಆಮೇಲೆ 37 ಡಿಗ್ರಿ ಬಿಸಿ, ಗಾಳಿಯಲ್ಲಿ ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್, ಎರಡು ಮೂರು ದಿನಕ್ಕೊಮ್ಮೆ ಹೊಸ ಪೋಷಕ ದ್ರವ. ಹೆಪ್ಪು ಹಾಕಿದ ಗಡಿಗೆಯನ್ನು ನಮ್ಮವ್ವ ಒಲೆಯ ಪಕ್ಕ ಅಲುಗಾಡದಂತೆ ಇಡುತ್ತಿದ್ದಳಲ್ಲ, ಆ ಜೋಪಾನ ಇಲ್ಲಿ ಮೂರು ವಾರ ಬೇಕು.

ಸುಮಾರು 3 ಚದರ ಸೆಂಟಿಮೀಟರ್ ಚೂರಿನಿಂದ ಮೂರು ನಾಲ್ಕು ವಾರದಲ್ಲಿ ಒಬ್ಬ ದೊಡ್ಡ ಮನುಷ್ಯನ ಮೈಗೆ ಸಾಲುವಷ್ಟು ಹಾಳೆ ಮಾಡಬಹುದು. ಈ ಮಾತಿಗೆ ಕ್ಲಾಸಿನಲ್ಲಿ ಯಾವಾಗಲೂ ಒಂದು ಸದ್ದು ಬರುತ್ತದೆ. ಮುಂದಿನ ಮಾತಿಗೆ ಬರುವುದಿಲ್ಲ: ಹಾಳೆಯ ದಪ್ಪ ಬರೀ ಕೆಲವು ಕೋಶಗಳಷ್ಟು. ಚಿಮಟದಲ್ಲಿ ಎತ್ತಿದರೆ ಹಾಲಿನ ಕೆನೆಯಂತೆ ಮುದುಡಿಕೊಳ್ಳುತ್ತದೆ. ಒಂದು ತೆಳು ಬಟ್ಟೆಯ ಆಸರೆ ಕೊಟ್ಟೇ ಅದನ್ನು ಆಪರೇಷನ್ ಕೋಣೆಗೆ ಒಯ್ಯಬೇಕು.

ಅಷ್ಟು ತೆಳು ಹಾಳೆ ಮೈಗೆ ಹಿಡೀತದಾ?

ಹಿಡಿದಿದೆ. 1983ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ 5 ಮತ್ತು 6 ವರ್ಷದ ಇಬ್ಬರು ಅಣ್ಣತಮ್ಮಂದಿರು ಮೈಯೆಲ್ಲ ಸುಟ್ಟುಕೊಂಡರು. ಶೇ 95ಕ್ಕಿಂತ ಜಾಸ್ತಿ. ಅಂಥವರು ಬದುಕುತ್ತಿದ್ದ ಕಾಲವಲ್ಲ ಅದು. ಬಾಸ್ಟನ್‌ನಲ್ಲಿ ಅವರದೇ ಚರ್ಮದ ಚೂರಿನಿಂದ ಹಾಳೆಗಳನ್ನು ಬೆಳೆಸಿ ಸುಮಾರು ಅರ್ಧ ಮೈಗೆ ಹಚ್ಚಿದರು. ಇಬ್ಬರೂ ಉಳಿದರು.

ಆದರೆ ಎಲ್ಲರಿಗೂ ಹಾಗೆ ಹಿಡಿಯಲಿಲ್ಲ. ಕಾರಣ ತಿಳಿಯಲು ಇಳಕಲ್ಲಿಗೆ ಹೋಗೋಣ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿ ಸರಿಯಿಲ್ಲದಿದ್ದರೆ ಸೆರಗು ಎಷ್ಟು ಚೆಂದ ಇದ್ದು ಏನು ಬಂತು? ಚರ್ಮದಲ್ಲೂ ಮೇಲಂತಸ್ತು ಕೆಳಗಿನದಕ್ಕೆ ಇಂಥವೇ ಸಣ್ಣ ಪ್ರೋಟೀನ್ ಕೊಂಡಿಗಳಿಂದ ಅಂಟಿಕೊಂಡಿರುತ್ತದೆ. ಲ್ಯಾಬಿನ ಹಾಳೆಗೆ ಆ ಕೊಂಡಿಗಳು ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಷ್ಟರೊಳಗೆ ಒಂದು ಚಾದರ ಉಜ್ಜಿದರೂ ಬೊಕ್ಕೆ ಏಳುತ್ತದೆ. ಸೋಂಕು ಬಂದರಂತೂ ಹಾಳೆ ಕರಗಿಹೋಗುತ್ತದೆ.

ಆಳವಾದ ಸುಟ್ಟಗಾಯದಲ್ಲಿ ಕೆಳಂತಸ್ತೇ ಇರುವುದಿಲ್ಲ. ಕಸಿ ಕಟ್ಟಲು ಬೇರೇ ಇಲ್ಲ ಅಂದ ಹಾಗೆ. ಅದಕ್ಕೆ ಎಂಐಟಿಯ ಯಾನಿಸ್ ಯಾನಸ್ ಮತ್ತು ಸರ್ಜನ್ ಜಾನ್ ಬರ್ಕ್ ಬೇರೆ ದಾರಿ ಹಿಡಿದರು. ಕೊಲಾಜನ್ನಿನ ಸ್ಪಂಜಿನಂಥ ಚೌಕಟ್ಟು, ಮೇಲೆ ಸಿಲಿಕೋನ್ ಹೊದಿಕೆ. ರೋಗಿಯ ಸ್ವಂತ ಕೋಶಗಳೂ ರಕ್ತನಾಳಗಳೂ ಆ ಸ್ಪಂಜಿನೊಳಗೆ ನುಗ್ಗಿ ಹೊಸ ಕೆಳಂತಸ್ತು ಕಟ್ಟುತ್ತವೆ. ಆಮೇಲೆ ಸಿಲಿಕೋನ್ ಸುಲಿದು ಮೇಲೆ ತೆಳು ಚರ್ಮ ಹಾಕುತ್ತಾರೆ. 1981ರಲ್ಲಿ ಪ್ರಕಟಿಸಿದರು, 1996ರಲ್ಲಿ ಇಂಟೆಗ್ರಾ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆ ಕೊಲಾಜನ್ ದನದ್ದು, ಜೊತೆಗಿರುವ ಇನ್ನೊಂದು ವಸ್ತು ಶಾರ್ಕ್ ಮೀನಿನದ್ದು. ನಮ್ಮ ಕಡೆ ಇದನ್ನು ಕೇಳುವವರು ಇದ್ದೇ ಇರುತ್ತಾರೆ, ಅದಕ್ಕೆ ಮೊದಲೇ ಹೇಳಿದೆ. ಡಾಕ್ಟರನ್ನು ಕೇಳಲು ಸಂಕೋಚ ಬೇಡ.

ಪೂರ್ತಿ ಮೈಗೆ ಹೊಸ ಚರ್ಮ ಹಾಕಿದ್ದು ಎಲ್ಲಾದರೂ ಉಂಟಾ?

ಹೆಚ್ಚುಕಡಿಮೆ ಪೂರ್ತಿ. ಸಿರಿಯಾದಿಂದ ಜರ್ಮನಿಗೆ ಬಂದಿದ್ದ ಒಂದು ಕುಟುಂಬದ 7 ವರ್ಷದ ಹುಡುಗ. ಅವನಿಗೆ ಹುಟ್ಟಿನಿಂದಲೇ ಎಪಿಡರ್ಮೋಲಿಸಿಸ್ ಬುಲ್ಲೋಸಾ. ಅಂದರೆ ಮೇಲೆ ಹೇಳಿದ ಕೊಂಡಿಯೇ ಕೆಟ್ಟಿರುವ ಕಾಯಿಲೆ. ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. 2015ರಲ್ಲಿ ಬೋಖುಮ್ ಊರಿನ ಆಸ್ಪತ್ರೆಗೆ ಬಂದಾಗ ಸೋಂಕು ಹತ್ತಿ ಮೈಯ ಬಹುಪಾಲು ಚರ್ಮ ಹೋಗಿತ್ತು. ಅಪ್ಪ ತನ್ನ ಚರ್ಮ ಕೊಟ್ಟರು, ಹಿಡಿಯಲಿಲ್ಲ.

ಆಗ ಇಟಲಿಯ ಮೊಡೆನಾದಲ್ಲಿ ಮಿಕೆಲೆ ದೆ ಲೂಕಾ ಅವರ ತಂಡ ಹುಡುಗನ ತೊಡೆಸಂದಿಯಿಂದ 4 ಚದರ ಸೆಂಟಿಮೀಟರ್ ಚರ್ಮ ತರಿಸಿಕೊಂಡಿತು. ಅವನ ಎಲ್‌ಎಎಂಬಿ3 ಎಂಬ ವಂಶವಾಹಿ ಕೆಟ್ಟಿತ್ತು. ಸರಿಯಾದ ಪ್ರತಿಯನ್ನು ವೈರಸ್ ಮೂಲಕ ಕೋಶದೊಳಗೆ ಸೇರಿಸಿ, ಹಾಳೆ ಬೆಳೆಸಿ ಕಳಿಸಿದರು. ಮೂರು ಸಲದ ಸರ್ಜರಿಯಲ್ಲಿ ಶೇ 80ರಷ್ಟು ಮೈಗೆ ಹೊಸ ಚರ್ಮ ಬಂತು. 2016ರಲ್ಲಿ ಮನೆಗೆ ಹೋದ. ಆಮೇಲೆ ಶಾಲೆಗೂ ಹೋದ, ಫುಟ್‌ಬಾಲ್ ಕೂಡ ಆಡಿದ.

ಈ ಕೆಲಸದಿಂದ ಇನ್ನೊಂದು ಸಂಗತಿ ಹೊರಬಿತ್ತು. ಹಚ್ಚಿದ ಕೋಟಿಗಟ್ಟಲೆ ಕೋಶಗಳಲ್ಲಿ ಕೊನೆಗೆ ಇಡೀ ಚರ್ಮವನ್ನು ನಡೆಸಿಕೊಂಡು ಹೋಗಿದ್ದು ಸ್ವಲ್ಪೇ ಸ್ವಲ್ಪ ಕಾಂಡಕೋಶಗಳು (ಸ್ಟೆಮ್ ಸೆಲ್), ಅಂದರೆ ಒಡೆದು ಹೊಸ ಕೋಶ ಹುಟ್ಟಿಸುತ್ತಲೇ ಇರುವಂಥವು. ಚೀಲದ ತುಂಬ ಜೋಳ ಇದ್ದರೂ ಬಿತ್ತಲು ಬರುವ ಕಾಳು ಮುಷ್ಟಿಯಷ್ಟೇ ಅಂದ ಹಾಗೆ.

ಈ ಕಾಯಿಲೆಯ ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಮಗಳು ಅಂತ ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಜಿಲ್ಲೆಗಳಲ್ಲಿ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು ಅಂತ ನನ್ನ ಅನಿಸಿಕೆ.

ಬೇರೆಯವರ ಚರ್ಮ ಹಾಕಿದರೆ ಆಗಲ್ವಾ?

ಶಾಶ್ವತವಾಗಿ ಆಗಲ್ಲ. ಎರಡು ಮೂರು ವಾರದಲ್ಲಿ ಮೈ ಅದನ್ನು ಹೊರಗೆ ಹಾಕುತ್ತದೆ. ಆದರೆ ಆ ಎರಡು ಮೂರು ವಾರವೇ ಜೀವ ಉಳಿಸುತ್ತದೆ. ತೆರೆದ ಗಾಯದಿಂದ ನೀರು ಸೋರುವುದು ನಿಲ್ಲುತ್ತದೆ, ಸೋಂಕು ತಡೆಯುತ್ತದೆ, ನೋವು ಇಳಿಯುತ್ತದೆ. ಹೊಲದಲ್ಲಿ ಬೆಳೆ ಬರುವ ತನಕ ಮಲ್ಚಿಂಗ್ ಹಾಳೆ ಹಾಸಿದ ಹಾಗೆ. ಅಷ್ಟರಲ್ಲಿ ಸ್ವಂತ ಚರ್ಮ ಸಿದ್ಧವಾಗಬೇಕು.

ನಮ್ಮೂರಲ್ಲಿ ಯಾರಾದರೂ ಸುಟ್ಟುಕೊಂಡರೆ ಈ ಲ್ಯಾಬ್ ಚರ್ಮ ಸಿಗುತ್ತಾ?

ಅದರ ಮೇಲೆ ಆಸೆ ಇಟ್ಟು ಕೂರಬೇಡಿ. ಮೂರು ವಾರದ ಕಾಯುವಿಕೆ, ಲಕ್ಷಗಟ್ಟಲೆ ಖರ್ಚು, ಅದಕ್ಕೆಂದೇ ಕಟ್ಟಿದ ಲ್ಯಾಬು, ಇಷ್ಟು ಬೇಕು. ನಮ್ಮಲ್ಲಿ ದಿನನಿತ್ಯ ನಡೆಯುವುದು ಹಳೆಯ, ನಂಬಿಕೆಯ ವಿಧಾನ. ತೊಡೆಯಿಂದ ತೆಳುವಾಗಿ ಚರ್ಮ ಕೆತ್ತಿ, ಯಂತ್ರದಲ್ಲಿ ಹಾಯಿಸಿ ಬಲೆಯಂತೆ ತೂತು ಮಾಡಿ, ಎಳೆದು ಅಗಲ ಮಾಡಿ ಗಾಯದ ಮೇಲೆ ಹಾಸುವುದು. ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಕಣ್ಣಿಗೆ ಚೆಂದ ಕಾಣುವುದಿಲ್ಲ, ಆದರೆ ಹಿಡಿಯುತ್ತದೆ.

ಸತ್ತವರು ದಾನ ಕೊಟ್ಟ ಚರ್ಮಕ್ಕೆ ನಮ್ಮ ಭಾಗದಲ್ಲಿ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ಸ್ಕಿನ್ ಬ್ಯಾಂಕ್ ಇದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲೂ ಇದೆ.

ಆಸ್ಪತ್ರೆಗೆ ಹೊರಡುವ ಮೊದಲು ಒಂದು ಮಾತು. ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಬಿದ್ದರೂ, ಮನೆಯಲ್ಲಿ ಬಿಸಿ ಎಣ್ಣೆ ಬಿದ್ದರೂ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಅರಿಶಿನ ಏನೂ ಬೇಡ. ನನಗೆ ಒಂಬತ್ತು ವರ್ಷವಿದ್ದಾಗ ಮೊಣಕೈ ಮೇಲೆ ಪಾಕ ಸಿಡಿದಿತ್ತು. ಮನೆಯವರು ಪ್ರೀತಿಯಿಂದ ಇಂಕು ಸುರಿದರು. ಡಾಕ್ಟರಿಗೆ ಗಾಯ ಎಷ್ಟು ಆಳ ಎಂದು ನೋಡಲು ಮೊದಲು ಆ ಇಂಕು ಕೆರೆಯಬೇಕಾಯಿತು. ಸುಟ್ಟಿದ್ದಕ್ಕಿಂತ ಅದೇ ಜಾಸ್ತಿ ನೆನಪಿದೆ.

ಚರ್ಮದಾನ ಅಂದರೆ ಹೆಣದ ಚರ್ಮ ಸುಲಿಯುತ್ತಾರಾ?

ಇಲ್ಲ. ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳು ಪದರ ಮಾತ್ರ ತೆಗೆಯುತ್ತಾರೆ. ರಕ್ತ ಸುರಿಯುವುದಿಲ್ಲ. ಮುಖ, ಕೈ ಮುಟ್ಟುವುದಿಲ್ಲ. ಮುಕ್ಕಾಲು ಗಂಟೆಯೊಳಗೆ ಮುಗಿಸಿ ಬ್ಯಾಂಡೇಜ್ ಕಟ್ಟಿ ಕೊಡುತ್ತಾರೆ. ಕೂರಿಸಿ ಪೂಜೆ ಮಾಡಿ ಮಣ್ಣು ಕೊಡುವವರಿಗೂ, ದಹನ ಮಾಡುವವರಿಗೂ ಅಡ್ಡಿ ಇಲ್ಲ. ಪ್ರಾಣ ಹೋದ 6 ಗಂಟೆಯೊಳಗೆ ಆಗಬೇಕು. 18 ದಾಟಿದವರು ಯಾರೇ ಆದರೂ ಕೊಡಬಹುದು. ರಕ್ತದ ಗುಂಪು ಹೊಂದಬೇಕಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಚರ್ಮದ ಕ್ಯಾನ್ಸರ್, ಮೈಗೆ ಹಬ್ಬಿದ ಸೋಂಕು ಇದ್ದರೆ ತೆಗೆದುಕೊಳ್ಳುವುದಿಲ್ಲ. ಗ್ಲಿಸರಾಲ್‌ನಲ್ಲಿ ಅದ್ದಿ ತಣ್ಣಗೆ ಇಟ್ಟರೆ ಐದು ವರ್ಷದವರೆಗೂ ಬಳಕೆಗೆ ಬರುತ್ತದೆ.

ತೊನ್ನಿಗೆ ಇದರಿಂದ ಉಪಯೋಗ ಇದೆಯಾ?

ಇದೆ, ನಮ್ಮ ದೇಶದಲ್ಲೇ ಮಾಡುತ್ತಾರೆ. ತೊಡೆಯಿಂದ ತೆಳು ಚರ್ಮ ತೆಗೆದು, ಕೋಶ ಬಿಡಿಸಿ, ಬಣ್ಣ ಕೊಡುವ ಮೆಲನೋಸೈಟ್‌ಗಳಿರುವ ದ್ರವವನ್ನು ಬಿಳಿ ಜಾಗದ ಮೇಲೆ ಹರಡುತ್ತಾರೆ. ಬಹಳ ಸಲ ಲ್ಯಾಬಿನಲ್ಲಿ ಬೆಳೆಸುವ ಅಗತ್ಯವೇ ಇರುವುದಿಲ್ಲ, ಒಂದೇ ದಿನದಲ್ಲಿ ಆಗುತ್ತದೆ. ಆದರೆ ಮಚ್ಚೆಗಳು ಹರಡುವುದು ನಿಂತು ಸುಮಾರು ಒಂದು ವರ್ಷವಾದರೂ ಆಗಿರಬೇಕು. ಹರಡುತ್ತಿರುವಾಗ ಮಾಡಿಸಿದರೆ ಹಿಡಿಯುವುದಿಲ್ಲ.

ಕ್ರೀಮ್ ಕಂಪನಿಗಳೂ ಚರ್ಮ ಬೆಳೆಸುತ್ತವಂತೆ?

ಹೌದು. ಮೊಲದ ಬೆನ್ನಿಗೆ ಹಚ್ಚಿ ನೋಡುವ ಬದಲು ಎಪಿಸ್ಕಿನ್‌ನಂಥ ಬೆಳೆಸಿದ ಚರ್ಮದ ಬಿಲ್ಲೆಗಳ ಮೇಲೆ ಹಚ್ಚಿ ನೋಡುತ್ತಾರೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು.

ಚರ್ಮ ಆಯಿತು. ಕೂದಲು ಯಾಕೆ ಇನ್ನೂ ಆಗಿಲ್ಲ?

ಬಂದಿರಾ ವಿಷಯಕ್ಕೆ!

ಕೂದಲು ಅಂದರೆ ನಾವು ಎಳೆಯನ್ನು ನೋಡುತ್ತೇವೆ. ಎಳೆ ಸತ್ತದ್ದು. ಜೀವ ಇರುವುದು ಬುಡದಲ್ಲಿ, ಆ ಬುಡ ಒಂದೊಂದೂ ಒಂದು ಪುಟ್ಟ ಅಂಗ. ಅದಕ್ಕೆ ಎಣ್ಣೆ ಗ್ರಂಥಿ ಇದೆ, ಸ್ನಾಯು ಇದೆ, ನರ ಇದೆ, ಬಣ್ಣದ ಅಂಗಡಿ ಇದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಸುಮಾರು ಮೂರು ತಿಂಗಳು ಮಲಗುತ್ತದೆ, ಎಳೆ ಉದುರುತ್ತದೆ, ಮತ್ತೆ ಶುರು. ತಲೆಯ ಮೇಲೆ ಇಂಥ ಬುಡಗಳು ಸುಮಾರು ಒಂದು ಲಕ್ಷ. ಎಲ್ಲವೂ ತಾಯಿಯ ಹೊಟ್ಟೆಯಲ್ಲೇ ಮೂಡಿಬಿಡುತ್ತವೆ. ಹುಟ್ಟಿದ ಮೇಲೆ ಹೊಸದು ಬರುವುದಿಲ್ಲ.

ಮೂಡುವುದು ಹೇಗೆ ಅಂದರೆ, ಮಾತುಕತೆಯಿಂದ. ಕೆಳಂತಸ್ತಿನ ಒಂದು ಗುಂಪು ಕೋಶಗಳು ಮೇಲಂತಸ್ತಿಗೆ ‘ಇಲ್ಲಿ ಕೂದಲು ಕಟ್ಟು’ ಎನ್ನಬೇಕು. ಮೇಲಿನದು ಕೇಳಿ, ಒಳಕ್ಕೆ ಇಳಿದು ಬಂದು ಆ ಗುಂಪನ್ನು ಸುತ್ತುವರಿಯಬೇಕು. ಹೀಗೆ ಹೇಳುವ ಗುಂಪಿಗೆ ಡರ್ಮಲ್ ಪ್ಯಾಪಿಲ್ಲಾ ಎಂದು ಹೆಸರು. ತೊಂದರೆ ಏನೆಂದರೆ, ಆ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಚಪ್ಪಟೆಯಾಗಿ ಬೆಳೆಸಿದರೆ ಅವು ಮಾತು ಮರೆತುಬಿಡುತ್ತವೆ. ಸಂಖ್ಯೆ ಬೇಕಾದಷ್ಟು ಆಗುತ್ತದೆ, ಕಸುಬು ಹೋಗಿರುತ್ತದೆ.

ಆ ಕೋಶಗಳಿಗೆ ನಿಜವಾಗಿಯೂ ಅಂಥ ಶಕ್ತಿ ಇದೆ ಎಂದು ತೋರಿಸಿದ್ದು 1999ರ ಒಂದು ಪ್ರಯೋಗ. ಇಂಗ್ಲೆಂಡಿನ ಡರ್ಹಾಮ್‌ನ ಕಾಲಿನ್ ಜಹೋಡಾ ತಮ್ಮ ನೆತ್ತಿಯ ಕೂದಲ ಬುಡದಿಂದ ಕೆಳಂತಸ್ತಿನ ಕೋಶ ತೆಗೆದು, ಹೆಂಡತಿ ಅಮಾಂಡಾ ರೆನಾಲ್ಡ್ಸ್ ಅವರ ಮುಂಗೈಯಲ್ಲಿ ಇಟ್ಟರು. ಅವರೂ ವಿಜ್ಞಾನಿಯೇ. ಕೆಲವೇ ವಾರದಲ್ಲಿ ಅಲ್ಲಿ ದಪ್ಪ ಕೂದಲು ಬಂತು. ಬುಡದಲ್ಲಿ ಗಂಡನ ಡಿಎನ್‌ಎ! ಬೇರೆಯವರ ಕೋಶವಾದರೂ ಮೈ ತಳ್ಳಲಿಲ್ಲ. ಕ್ಲಾಸಿನಲ್ಲಿ ಇದನ್ನು ಹೇಳಿದ ದಿನ ಪಾಠ ಮುಂದೆ ಹೋಗುವುದಿಲ್ಲ.

ಮರೆತ ಮಾತನ್ನು ನೆನಪಿಸುವ ಉಪಾಯ 2013ರಲ್ಲಿ ಸಿಕ್ಕಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೋ ಮತ್ತು ಇದೇ ಜಹೋಡಾ ಅವರ ತಂಡ ಕೋಶಗಳನ್ನು ತಟ್ಟೆಯ ತಳದಲ್ಲಿ ಬೆಳೆಸಲಿಲ್ಲ. ಮುಚ್ಚಳಕ್ಕೆ ದ್ರವದ ಹನಿ ತೂಗುಬಿಟ್ಟು, ಅದರೊಳಗೆ ಬೆಳೆಸಿದರು. ಹನಿಯ ತುದಿಗೆ ಕೋಶಗಳೆಲ್ಲ ಜಾರಿ ಉಂಡೆಯಾದವು. ಉಂಡೆಯಾದ ಮೇಲೆ ಹಳೆಯ ಕಸುಬು ಸ್ವಲ್ಪ ನೆನಪಾಯಿತು. ಇಲಿಯ ಬೆನ್ನಿಗೆ ಕಸಿ ಮಾಡಿದ ಮನುಷ್ಯ ಚರ್ಮದಲ್ಲಿ ಇಟ್ಟಾಗ, ಏಳು ದಾನಿಗಳ ಪೈಕಿ ಐವರ ಕೋಶಗಳಿಂದ ಕೂದಲು ಬಂತು.

ತಟ್ಟೆಯಲ್ಲೇ ಕೂದಲಿರುವ ಚರ್ಮ ಬಂದಿದೆ ಅಂತ ಓದಿದೆನಲ್ಲ?

ಸರಿಯಾಗಿಯೇ ಓದಿದ್ದೀರಿ. 2020ರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಕಾರ್ಲ್ ಕೋಹ್ಲರ್ ಅವರ ತಂಡ ಮಾಡಿದ್ದು. ಇಲ್ಲಿ ಚರ್ಮದ ಕೋಶದಿಂದ ಶುರು ಮಾಡಲಿಲ್ಲ, ಇನ್ನೂ ಹಿಂದಕ್ಕೆ ಹೋದರು. ಜಪಾನಿನ ಶಿನ್ಯಾ ಯಮನಾಕಾ ದೊಡ್ಡವರ ಕೋಶವನ್ನೂ ಭ್ರೂಣದ ಸ್ಥಿತಿಗೆ ತಿರುಗಿಸುವ ವಿಧಾನ ಕಂಡುಹಿಡಿದು 2012ರಲ್ಲಿ ನೊಬೆಲ್ ಪಡೆದರಲ್ಲ, ಆ ಬಗೆಯ ಕೋಶ. ಅದನ್ನು ಉಂಡೆ ಮಾಡಿ, ಗರ್ಭದಲ್ಲಿ ಸಿಗುವ ಸೂಚನೆಗಳನ್ನು ಅದೇ ಕ್ರಮದಲ್ಲಿ ಕೊಟ್ಟರು. ಎರಡು ತಿಂಗಳು ದಾಟಿದ ಮೇಲೆ ಕೂದಲ ಬುಡಗಳು ಮೂಡಿದವು. ನಾಲ್ಕೈದು ತಿಂಗಳ ಹೊತ್ತಿಗೆ ಎಣ್ಣೆ ಗ್ರಂಥಿ, ಕೊಬ್ಬು, ನರ ಎಲ್ಲ ಬಂದವು. ಬೆವರು ಗ್ರಂಥಿ ಮಾತ್ರ ಇಲ್ಲ. ವಿಜಯಪುರದ ಮೇ ತಿಂಗಳಲ್ಲಿ ಆ ಚರ್ಮ ಹಾಕಿಕೊಂಡು ತಿರುಗಿದರೆ ಕಷ್ಟ.

ಇನ್ನೊಂದು ವಿಚಿತ್ರ. ಆ ಚರ್ಮ ಹಾಳೆಯಲ್ಲ, ಕಾಳಿನಷ್ಟು ಉಂಡೆ. ಅದೂ ಅಂಗಿಯನ್ನು ತಿರುವಿ ಹಾಕಿದ ಹಾಗೆ, ಹೊರಮೈ ಒಳಗೆ, ಬುಡಗಳು ಹೊರಗೆ. ಇಲಿಯ ಬೆನ್ನಿಗೆ ಹಾಕಿದಾಗ ಬಿಚ್ಚಿಕೊಂಡು ಸರಿಹೊಂದಿತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಸಿಗಳಲ್ಲಿ 2ರಿಂದ 5 ಮಿಲಿಮೀಟರ್ ಕೂದಲು ಬೆಳೆಯಿತು.

ಸವದತ್ತಿಯಲ್ಲಿ ಜವಳ ತೆಗೆಸಿದ ಕೂದಲಿನಿಂದ ಇದನ್ನೆಲ್ಲ ಮಾಡಬಹುದಾ?

ಕತ್ತರಿಸಿದ ಕೂದಲಿನಲ್ಲಿ ಜೀವ ಇಲ್ಲ. ಅದು ಕೊಪ್ಪಳದ ಭಾಗ್ಯನಗರಕ್ಕೆ ಹೋಗಿ ವಿಗ್ ಆಗಬಹುದು, ಅಷ್ಟೇ. ಬುಡಸಮೇತ ಕಿತ್ತ ಕೂದಲಾದರೆ ಬೇರೆ ಮಾತು. 2008ರಲ್ಲಿ ಒಂದೇ ಒಂದು ಕಿತ್ತ ಕೂದಲಿನ ಬುಡದ ಕೋಶಗಳಿಂದ ಯಮನಾಕಾ ಬಗೆಯ ಕೋಶಗಳನ್ನು ಮಾಡಿದ್ದಾರೆ.

ಹೇರ್ ಟ್ರಾನ್ಸ್‌ಪ್ಲಾಂಟ್ ಇದೇನಾ?

ಅಲ್ಲ. ಅದು ನಾಟಿ. ಹಿಂದಲೆಯ ಬುಡ ಕಿತ್ತು ಮುಂದೆ ನೆಡುವುದು. ಒಂದು ಕೂದಲೂ ಹೊಸದಾಗಿ ಹುಟ್ಟುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ.

‘ಸ್ಟೆಮ್ ಸೆಲ್’ ಇಂಜೆಕ್ಷನ್‌ನಿಂದ ಕೂದಲು ಬರುತ್ತೆ ಅಂತಾರೆ. ಹಾಕಿಸಿಕೊಳ್ಳಲಾ?

ನಾನು ಹಾಕಿಸಿಕೊಂಡವನು. ದೊಡ್ಡ ಊರಿನ ಒಂದು ಕ್ಲಿನಿಕ್. ಕಾಗದದಲ್ಲಿ ‘ಸ್ಟೆಮ್ ಸೆಲ್’ ಎಂದಿತ್ತು. ಅಲ್ಲಿ ಮಾಡಿದ್ದು ನನ್ನದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ನೆತ್ತಿಗೆ ಚುಚ್ಚಿದ್ದು. ಅದಕ್ಕೆ ಪಿಆರ್‌ಪಿ ಎನ್ನುತ್ತಾರೆ. ಕೆಲವರಿಗೆ ಸ್ವಲ್ಪ ಉಪಯೋಗ ಆಗಬಹುದು, ಆದರೆ ಅದರಲ್ಲಿ ಬೆಳೆಸಿದ ಕಾಂಡಕೋಶ ಇರುವುದಿಲ್ಲ. ಜೀವಶಾಸ್ತ್ರದ ಮಾಸ್ತರನಾಗಿ ನಾಲ್ಕನೇ ಸಲಕ್ಕೆ ಅದನ್ನು ಕೇಳಿದೆ. ಮೊದಲನೇ ಸಲಕ್ಕೇ ಕೇಳಬೇಕಿತ್ತು. ಆಸೆ ಅನ್ನುವುದು ಡಿಗ್ರಿ ನೋಡುವುದಿಲ್ಲ.

ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಕಾಂಡಕೋಶ ಚಿಕಿತ್ಸೆಗೆ ಒಪ್ಪಿಗೆ ಇರುವುದು ರಕ್ತದ ಕೆಲವು ಕಾಯಿಲೆಗಳಂಥವಕ್ಕೆ ಮಾತ್ರ, ಮೂಳೆಮಜ್ಜೆ ಕಸಿಯ ರೂಪದಲ್ಲಿ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗವಾದರೆ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿ ಇರಬೇಕು, ಭಾಗವಹಿಸುವವರಿಂದ ಹಣ ಕೇಳುವಂತಿಲ್ಲ. ಹಾಗಾಗಿ ಎರಡೇ ಪ್ರಶ್ನೆ ಕೇಳಿ: ನೋಂದಣಿ ನಂಬರ್ ಎಷ್ಟು? ಪ್ರಯೋಗವಾದರೆ ಬಿಲ್ ಯಾಕೆ?

ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಇವು ಹಳೆಯ ಔಷಧಗಳು, ಇದ್ದ ಬುಡವನ್ನು ಉಳಿಸಿಕೊಳ್ಳಲು. ಚರ್ಮರೋಗ ತಜ್ಞರನ್ನು ಕೇಳಿಯೇ ಶುರು ಮಾಡಿ.

ಹಾಗಾದರೆ ಲ್ಯಾಬಿನ ಕೂದಲು ನಮ್ಮ ತಲೆಗೆ ಬರಲು ಏನು ಬಾಕಿ?

ಬಹಳ. ಒಂದು ಬುಡ ಅಲ್ಲ, ಸಾವಿರಾರು ಬೇಕು. ಎಲ್ಲವೂ ಒಂದೇ ದಿಕ್ಕಿಗೆ ವಾಲಿ ಬೆಳೆಯಬೇಕು, ಇಲ್ಲದಿದ್ದರೆ ತಲೆ ಜಾಲಿ ಪೊದೆಯಂತೆ ಕಾಣುತ್ತದೆ. ಉದುರಿದ ಮೇಲೆ ಮತ್ತೆ ಹುಟ್ಟಬೇಕು, ಅದೂ ವರ್ಷಗಟ್ಟಲೆ. ಭ್ರೂಣದ ಸ್ಥಿತಿಗೆ ತಿರುಗಿಸಿದ ಕೋಶ ಒಂದೆರಡು ಹಾಗೆಯೇ ಉಳಿದರೆ ಗಡ್ಡೆಯಾಗುವ ಅಪಾಯವಿದೆ, ಅದನ್ನು ಸೋಸಿ ತೆಗೆಯಬೇಕು. ಒಬ್ಬೊಬ್ಬರ ತಲೆಗೂ ಬೇರೆ ಬೇರೆ ಬೆಳೆಸುವ ಖರ್ಚು ಯಾರಿಗೆ ಎಟಕುತ್ತದೆ?

ಹೋದ ಸಲ ಛಾಟಣಿ, ಅಂದರೆ ಬಳ್ಳಿ ಕತ್ತರಿಸುವ ಹೊತ್ತಿನಲ್ಲಿ ತೋಟಕ್ಕೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಕತ್ತರಿ ಕೆಳಗಿಡದೆ ಕೇಳಿಸಿಕೊಂಡ. ಆಮೇಲೆ ಕೇಳಿದ: ‘ಇಲಿ ಬೆನ್ನಿಗೆ ಹಿಡದೈತಿ ಅಂದಿ. ಮನಷ್ಯಾನ ತಲಿಗೆ?’

‘ಇನ್ನೂ ಇಲ್ಲ.’

‘ಹಂಗಾರ ನರ್ಸರಿಯೊಳಗ ಐತಿ ಅನ್ನು’ ಎಂದು ಮುಂದಿನ ಬಳ್ಳಿಗೆ ಹೋದ.